ಲಟ್ಟಣಿಗೆಯ ತುದಿಯ ನಾಲ್ಕು ಗೀರು

ನಮ್ಮ ಮನೆಯ ಲಟ್ಟಣಿಗೆಯ ಒಂದು ತುದಿಯಲ್ಲಿ ನಾಲ್ಕು ಸಣ್ಣ ಗೀರುಗಳಿವೆ, ನಡುವೆ ದಬ್ಬಣದಿಂದ ಚುಚ್ಚಿದಂಥ ಒಂದು ಕುಳಿ. ಚಪಾತಿ ಲಟ್ಟಿಸುವಾಗ ಅವು ಅಂಗೈಗೆ ತಾಗುತ್ತಲೇ ಇರುತ್ತವೆ. ಸದಾ ತಾಗುವುದರಿಂದಲೇ ತಾಗಿದ್ದು ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ದಿನವೂ ಮುಟ್ಟಿ ಒಮ್ಮೆಯೂ ನೋಡದ ವಸ್ತುವೊಂದು ಇದ್ದೀತು.

ಅದನ್ನು ಮಾಡಿದವರು ನನ್ನ ಅಜ್ಜ. ವಿಜಾಪುರ ರಸ್ತೆಯ ನಮ್ಮ ಮನೆಯ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ ಅವರ ಕಟ್ಟಿಗೆ ಲೇಥ್ ಇತ್ತು: ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಕಡೆಯುವ ಯಂತ್ರ. ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ ಎಲ್ಲ ಅದರಿಂದ ಇಳಿಯುತ್ತಿದ್ದವು. ಅಜ್ಜ ಹೋದ ಮೇಲೆ ಅದು ನಿಂತೇ ಇತ್ತು. ಈ ಬೇಸಿಗೆಯಲ್ಲಿ ಶೆಡ್ಡು ತೆರವು ಮಾಡಬೇಕೆಂದು ಕಾಕಾ, ನನ್ನ ಚಿಕ್ಕಪ್ಪ, ಹೊರಟಾಗ, ಹೋಟಗಿಯಲ್ಲಿ ತೊಟ್ಟಿಲು ಮಾಡುವ ಸಿದ್ದಪ್ಪ ಎಂಬವರು ಲೇಥ್ ಕೊಳ್ಳಲು ಬಂದರು. ಅವರು ಒಲ್ಲೆನೆಂದರೆ ಭಂಗಾರದವನಿಗೆ, ಅಂದರೆ ಗುಜರಿಗೆ, ಎಂದು ಕಾಕಾ ನಿಶ್ಚಯಿಸಿಬಿಟ್ಟಿದ್ದರು.

"ಭಂಗಾರಕ್ಕ ಹಾಕಿದ್ರ ನಾ ಈ ಮನ್ಯಾಗ ಇರಂಗಿಲ್ಲ ನೋಡು, ಅಕ್ಕಲಕೋಟಕ್ಕ ಹೋಗಿ ಕುಂದರ್ತೀನಿ" ಎಂದಳು ಆಯಿ, ನನ್ನ ಅಜ್ಜಿ. ಅಕ್ಕಲಕೋಟ ಅವಳ ತವರು.

"ಹೋಗಬೇ, ಅಲ್ಲೆ ಗುಡ್ಯಾಗ ಪ್ರಸಾದ ಭಾಳ ಚಲೋ ಇರ್ತದ" ಎಂದರು ಕಾಕಾ. ಆಯಿ ನಗಲಿಲ್ಲ.

ಲೇಥಿನ ಬಿಡಿಭಾಗಗಳು ಒಂದು ಡಬ್ಬಿಯಲ್ಲಿ ಜಂಗು, ಅಂದರೆ ತುಕ್ಕು, ಹಿಡಿದು ಬಿದ್ದಿದ್ದವು. ಅವನ್ನು ಗುರುತಿಸುವ ಕೆಲಸ ನಾನಾಗಿಯೇ ತೆಗೆದುಕೊಂಡೆ. ಓದಿದ್ದು ಸಸ್ಯಶಾಸ್ತ್ರ, ಎಲೆಯ ಅಂಚು, ದಳದ ಜೋಡಣೆ ನೋಡಿ ಗಿಡದ ಕುಲ ಹೇಳುವ ಅಭ್ಯಾಸ ಕಬ್ಬಿಣಕ್ಕೂ ಒದಗೀತೆಂದು ಒಳಗೊಳಗೇ ನಂಬಿದ್ದೆ. "ಏನ ಬಾಯಿಸಾಹೇಬ್ರ, ಗಿಡಾ ಮುಗದ್ವು ಅಂತ ಕಬ್ಬಣಕ್ಕ ಕೈ ಹಚ್ಚೀರೇನು?" ಎಂದು ಕಾಕಾ ಅಣಕಿಸಿದರು. ಸೀಮೆಎಣ್ಣೆಯಲ್ಲಿ ತೊಳೆದಂತೆ ಒಂದೊಂದಕ್ಕೂ ಮುಖ ಬಂತು: ಉಳಿಯನ್ನು ಆನಿಸುವ ತೋಳು, ಬಟ್ಟಲು ಕಡೆಯಲು ಬೇಕಾದ ತೂತುಗಳ ತಟ್ಟೆ, ತುಂಡಿನ ಹಿಂಬದಿಯನ್ನು ಒತ್ತಿ ಹಿಡಿಯುವ ಮೊನೆ. ಎಲ್ಲದರ ಸಂದಿಯಲ್ಲೂ ಕೆಂಪು ಗಟ್ಟಿಯಾಗಿತ್ತು. ಜಂಗೆಂದು ಉಜ್ಜಿದರೆ ಕುಂಕುಮ. ದಸರೆಯ ಖಂಡೆ ಪೂಜೆಯಲ್ಲಿ, ಆಯುಧಪೂಜೆಯಲ್ಲಿ, ಅಜ್ಜ ಪ್ರತಿ ವರ್ಷ ಹಚ್ಚಿದ್ದು.

ಸಿದ್ದಪ್ಪ ಎಲ್ಲವನ್ನೂ ತಿರುವಿ ನೋಡಿ ತಲೆಯಾಡಿಸಿದರು. "ಹಲ್ಲ ಇಲ್ರಿ. ಕಟ್ಟಿಗಿ ಕಚ್ಚಿ ತಿರಗಸೂದ ಅದು. ಈಗಿನವು ಈ ತೂತಿಗೆ ಕೂಡೂದಿಲ್ಲ. ಸಿಕ್ರ ಹೇಳ್ರಿ, ಐತವಾರ ಟೆಂಪೋ ತರ್ತೀನಿ. ಇಲ್ಲಂದ್ರ ನಂಗ ಬ್ಯಾಡ್ರಿ."

ಕಾಣದ ವಸ್ತುವನ್ನು ಗುರುತಿಸುವುದು ಹೇಗೆ? ಆ ರಾತ್ರಿಯ ಅಡಿಗೆಗೆ ಲಟ್ಟಿಸುತ್ತಿದ್ದಾಗ ಅಂಗೈಗೆ ತಾಗಿದ್ದು ಮೊದಲ ಸಲ ತಿಳಿಯಿತು. ಕಚ್ಚಿದ ಹಲ್ಲು ಇಲ್ಲದಿದ್ದರೇನು, ಕಚ್ಚಿದ ಗುರುತು ನನ್ನ ಕೈಯಲ್ಲೇ ಇತ್ತು. ನಾಲ್ಕು ಅಲಗು, ನಡುವೆ ಮೊನೆ. ಅಂಥ ರೂಪವನ್ನು ನಾನೆಲ್ಲೋ ಕಂಡಿದ್ದೆ. ಎಲ್ಲೋ ಏನು, ಚಿಕ್ಕಂದಿನಿಂದ ದಿನವೂ ಕೈಮುಗಿದಿದ್ದೆ! ನಮ್ಮ ಪೂಜೆಯ ಜಗಲಿಯ ಮೇಲೆ, ದೇವರುಗಳ ಸಾಲಿನ ಕೊನೆಗೆ, ಅಕ್ಕಿ ತುಂಬಿದ ಹಿತ್ತಾಳೆ ಬಟ್ಟಲಲ್ಲಿ ಕಾಲೂರಿ ನಿಂತಿದ್ದ ಆ ಪುಟ್ಟ ದೇವರನ್ನು ನಾನು ಕಿರೀಟದ ದೇವರು ಎನ್ನುತ್ತಿದ್ದೆ. ಲಟ್ಟಣಿಗೆ ಒಯ್ದು ಅದರ ತಲೆಯ ಮೇಲಿಟ್ಟೆ. ನಾಲ್ಕು ಗೀರಿಗೆ ನಾಲ್ಕು ಹಲ್ಲು, ಅಲುಗದೆ ಕೂತಿತು.

"ಏ, ಏನ್ ಮಾಡಾಕತ್ತಿ? ಅದು ಆಯೀ ತವರಮನಿ ದೇವರು!" ಅವ್ವ ಓಡಿಬಂದಳು.

"ನಂದೆಲ್ಲಿದು?" ಆಯಿ ಬಾಗಿಲಲ್ಲೇ ನಿಂತಳು. "ಅಕ್ಕಲಕೋಟದಾಗ ಇಂಥಾ ದೇವರ ನಾ ಕಂಡೇ ಇಲ್ಲ. ನಿಮ್ಮ ಕಡಿ ಬೀರೋಬಾ ದೇವರ ಖೂನ, ಗುರ್ತು ಅಂತ ತಿಳಕೊಂಡಿದ್ನಿ."

"ನಮ್ಮ ಬೀರೋಬಾಗ ಹಲ್ಲ ಎಲ್ಲಿ ಅದಾವ್ರಿ ಅತ್ತಿ!"

ಸೊಸೆಯ ದೇವರೆಂದು ಅತ್ತೆ, ಅತ್ತೆಯ ದೇವರೆಂದು ಸೊಸೆ, ಕೇಳಿದರೆ ಮನಸ್ಸು ನೋಯಬಹುದೆಂದು ಕೇಳದೆಯೇ, ಇಷ್ಟು ವರ್ಷ ಹಾಲೆರೆದು ಹೂವೇರಿಸಿದ್ದರು. ಉಪ್ಪು ಹೆಚ್ಚಾಯಿತೆಂದು ವಾದಿಸುತ್ತಿದ್ದ ಈ ಇಬ್ಬರ ನಡುವೆ ಇಷ್ಟು ಸದ್ದಿಲ್ಲದ ಮರ್ಯಾದೆಯೊಂದು ಬಟ್ಟಲಲ್ಲಿ ನಿಂತಿತ್ತೆಂದು ನನಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಯಿಗೆ ನೆನಪಾಯಿತು: ಕೊನೆಯ ಖಂಡೆ ಪೂಜೆಗೆ ಅಜ್ಜನಿಗೆ ಶೆಡ್ಡಿನವರೆಗೆ ನಡೆಯುವ ತ್ರಾಣವಿರಲಿಲ್ಲ. ಇಡೀ ಯಂತ್ರದ ಬದಲು ಒಂದು ತುಣುಕನ್ನು ತರಿಸಿ ಜಗಲಿಯ ಮೇಲಿಟ್ಟವರು ಅವರೇ ಇರಬೇಕು. ಮುಂದಿನ ದಸರೆಗೆ ಅವರು ಇರಲಿಲ್ಲ.

ಈಗ ಅವ್ವ ಹಿಂಜರಿದಳು. ಪೂಜೆಗೊಂಡದ್ದನ್ನು ಮಾರುವುದು ಹೇಗೆ? ಗುರುತಿಸಿದವಳು ನಾನು, ಅದು ಯಾರದೆಂದು ಹೇಳುವುದು ನನ್ನ ಕೈಯಲ್ಲಿರಲಿಲ್ಲ. ಆಯಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದಳು.

"ಇಷ್ಟ ವರ್ಷ ಕುಂತು ಉಂಡಾನ. ಇನ್ನ ದುಡೀಲಿ."

ಹೇಳಿದಂತೆ ರವಿವಾರ ಸಿದ್ದಪ್ಪ ಬಂದು ಅದನ್ನು ಕೂಡಿಸಿ, ಶೆಡ್ಡಿನಲ್ಲೇ ಒಂದು ತುಂಡು ತಿರುಗಿಸಿ ನೋಡಿದರು. ಸಿಪ್ಪೆ ಸುರುಳಿಯಾಗಿ ಆಯಿಯ ಕಾಲ ಬಳಿ ಬಿತ್ತು, ಅವಳು ಸರಿಯಲಿಲ್ಲ. ಟೆಂಪೋ ಹೋದ ಮೇಲೆ ಕಾಕಾ ಒಬ್ಬರೇ ಶೆಡ್ಡು ಗುಡಿಸಿದರು.

ಈ ದಸರೆಗೆ ಖಾಲಿ ಬಟ್ಟಲಿನ ಪಕ್ಕದಲ್ಲಿ ಅವ್ವ ಲಟ್ಟಣಿಗೆಯನ್ನಿಟ್ಟು ಕುಂಕುಮ ಹಚ್ಚಿದಳು. ಮಧ್ಯಾಹ್ನ ಹೋಳಿಗೆಗೆಂದು ಅದನ್ನೇ ತೊಳೆದು ನನ್ನ ಕೈಗೆ ಕೊಟ್ಟಳು. ಮೈಯ ಕೆಂಪೆಲ್ಲ ಹೋಗಿತ್ತು, ನಾಲ್ಕು ಗೀರುಗಳೊಳಗಿನದು ಹೋಗಿರಲಿಲ್ಲ. ಉಗುರಿನಿಂದ ತೆಗೆಯಲು ಹೋದವಳು ಬಿಟ್ಟೆ. ಆ ತುದಿಯನ್ನು ಅಂಗೈಯಲ್ಲಿ ಹಿಡಿದು ಹೋಳಿಗೆ ಲಟ್ಟಿಸಿದೆ.