ಕಡಲಿಗೆ ಎಮ್ಮೆ ಬಿಟ್ಟ ಜಾನಕಿಯಕ್ಕ

ಜಾನಕಿಯಕ್ಕ ದೋಣಿ ಹತ್ತಿದರೆ ಮೊದಲು ವಾಂತಿ, ಆಮೇಲೆ ಕೆಲಸ. ಕೂನೂರಿನ ಬಳಿಯ ಬಡಗರ ಹಟ್ಟಿಯಲ್ಲಿ, ಚಹಾ ತೋಟಗಳ ನಡುವೆ ಬೆಳೆದ ಅವಳು ಚೆನ್ನೈಯಲ್ಲಿ ಸಮುದ್ರ ವಿಜ್ಞಾನಿಯಾಗಿದ್ದಳು. ಈಜು ಮಾತ್ರ ಕಡೆಯವರೆಗೂ ಬರಲಿಲ್ಲ. "ಈಜೋದು ನಾನಲ್ಲಪ್ಪ, ನನ್ನ ಎಮ್ಮೆ" ಎನ್ನುತ್ತಿದ್ದಳು.

ಎಮ್ಮೆ ಎಂದರೆ ಗ್ಲೈಡರ್. ಆಳುದ್ದದ ಹಳದಿ ಕೊಳವೆ, ಎರಡು ರೆಕ್ಕೆ. ಹೊಟ್ಟೆಯೊಳಗಿನ ಎಣ್ಣೆಯನ್ನು ಹೊರಚೀಲಕ್ಕೆ ದೂಡಿ ತೇಲುತ್ತದೆ, ಒಳಗೆಳೆದುಕೊಂಡು ಮುಳುಗುತ್ತದೆ. ತಿಂಗಳುಗಟ್ಟಲೆ ಹೀಗೇ ಏರಿಳಿಯುತ್ತ ನೀರಿನ ಬಿಸಿ, ಉಪ್ಪು ಅಳೆದು, ಮೇಲೆ ಬಂದಾಗ ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತದೆ. ಗುಂಡ್ಲುಪೇಟೆಯಿಂದ ಬಂದು ಕೂನೂರಿನಲ್ಲಿ ದಿನಸಿ ಅಂಗಡಿ ಇಟ್ಟ ನಮಗೆ ಇದನ್ನೆಲ್ಲ ಅವಳು ಸೌತೆಕಾಯಿ ಹಿಡಿದು ತೋರಿಸಿದ್ದಳು.

ಅಣ್ಣನ ಮಗಳ ಮದುವೆಗೆ ಅವಳು ಊರಿಗೆ ಬಂದಿದ್ದಾಗಲೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಅವಳ ಎಮ್ಮೆ ಅದರ ದಾರಿಯಲ್ಲೇ ಇತ್ತು. ಹಟ್ಟಿಯಲ್ಲಿ ಸಿಗ್ನಲ್ ಇರಲಿಲ್ಲ. ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಮ್ಮ ಅಂಗಡಿಗೆ ಓಡಿಬಂದು, ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಗ್ಲೈಡರನ್ನು ದಡದತ್ತ ತಿರುಗಿಸಿ ಎಂದು ಮೇಲಧಿಕಾರಿ ಫೋನಿನಲ್ಲಿ ಹೇಳುತ್ತಿದ್ದರು.

"ಸಾರ್, ಗಾಳಿಗೆ ಬಲ ಕೊಡೋದೇ ಕಡಲ ಮೇಲಿನ ಬಿಸಿನೀರು. ಅದು ಎಷ್ಟು ಆಳಕ್ಕಿದೆ ಅಂತ ಅಲ್ಲೇ ಇದ್ರೆ ತಾನೇ ಗೊತ್ತಾಗೋದು? ಕಳೆದುಹೋದ್ರೆ ನನ್ನ ಮೇಲೆ ಹಾಕಿ."

ಅವರು ಒಪ್ಪಿದರು. ಆಮೇಲೆ ಗ್ಲೈಡರಿನ ಸದ್ದೇ ಇಲ್ಲ. ನಾನು ಕೊಟ್ಟ ಚಹಾ ಕೆನೆಗಟ್ಟಿತು. ಅತ್ತ ಮುಹೂರ್ತವೂ ಕಳೆಯಿತು.

ಸಂಜೆಗೆ ಸುದ್ದಿ ಬಂತು. ಬಿಸಿನೀರು ಎಲ್ಲರೂ ಎಣಿಸಿದ್ದಕ್ಕಿಂತ ಆಳಕ್ಕಿತ್ತು. ದಡ ಮುಟ್ಟುವ ಮೊದಲು ಗಾಳಿ ಸೊರಗುವಂತಿರಲಿಲ್ಲ. ಅಕ್ಕ ಹವಾಮಾನದವರಿಗೆ ಫೋನಿನ ಮೇಲೆ ಫೋನು ಮಾಡಿದಳು. ಎಚ್ಚರಿಕೆ ಬಿಗಿಯಾಯಿತು, ಹೊರಟಿದ್ದ ದೋಣಿಗಳನ್ನು ವಾಪಸು ಕರೆದರು. ಗ್ಲೈಡರ್ ಮತ್ತೆಂದೂ ಮಾತಾಡಲಿಲ್ಲ.

"ಹೇಳೋದು ಹೇಳ್ಬಿಟ್ಟೇ ಹೋಯ್ತು, ಶಿವು" ಎಂದು ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಂಡು, ಮದುವೆಯ ಊಟಕ್ಕೆ ಹೊರಟಳು. ಅಣ್ಣ ಮಾತ್ರ ಬಹಳ ದಿನ ಅವಳೊಡನೆ ಮುಖ ಕೊಟ್ಟು ಮಾತಾಡಲಿಲ್ಲ.

ಕಳೆದ ವರ್ಷ ಅಕ್ಕ ಚೆನ್ನೈಯಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ಹಟ್ಟಿಗೆ ತಂದು ಮಣ್ಣು ಮಾಡಿದ ಮೇಲೆ ಅವಳ ತಾಯಿ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದರು: "ಮದುವೆ ಬಿಟ್ಟು ನಿನ್ನಂಗಡೀಲಿ ಕೂತಿದ್ದಳಲ್ಲ, ಅವತ್ತು ಏನ ಮಾಡ್ತಿದ್ದಳು?"

ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಕಡೆಯವರೆಗೂ ಕೇಳಿದರು.

"ಹಂಗಾರೆ ದೋಣಿಯೋರು ಉಳಿದ್ರಾ?"

"ಉಳಿದ್ರು, ಅವ್ವೆ."

ಅವರು ಒಳಗೆ ನೋಡುತ್ತ ಮಗನನ್ನು ಕೂಗಿದರು. "ಬಾ ಇಲ್ಲಿ. ಇದ ನೀನೂ ಕೇಳು."