ಬುಟ್ಟಿ ನೋಡಿ ಕರೆಯುವುದು

ಊಟಕ್ಕೆ ಕೂತಾಗ ಬಾಗಿಲಲ್ಲಿ ಯಾರಾದರೂ ಕಂಡರೆ, ಕರೆಯುವ ಮೊದಲು ನಾನು ರೊಟ್ಟಿ ಬುಟ್ಟಿಯ ಮುಚ್ಚಳ ಎತ್ತಿ ಒಳಗೆ ಇಣುಕುತ್ತೇನೆ. ನೋಡಿದವರು ಮುದುಕನಿಗೆ ಜಿಪುಣತನ ಬಂತು ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಈ ಅಭ್ಯಾಸ ಕಲಿಸಿದವಳು ನನ್ನ ಮಗಳು ಸುಶೀಲಾ, ಎಪ್ಪತ್ತರ ದಶಕದಲ್ಲಿ, ಅವಳಿಗೆ ಎಂಟು ವರ್ಷವಿದ್ದಾಗ.

ನಾನಾಗ ಬಸವಕಲ್ಯಾಣದಲ್ಲಿ ಶಾಲಾ ಮಾಸ್ತರ. ಸುಶೀಲಾ ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಪಲ್ಯ ರೊಟ್ಟಿಗೆ ತಾಗಿದರೆ ತಾಟನ್ನೇ ದೂಡುತ್ತಿದ್ದಳು. ಆದರೆ ಓಣಿಯ ಯಾವ ಬಾಗಿಲಿಗೆ ಎಂಥ ಚಿಲಕ, ಯಾವ ಕೀಲಿ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಕೇಳಿದರೂ ಕೇಳದಿದ್ದರೂ ಒಪ್ಪಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಡಾಕ್ಟರರು ಇದಕ್ಕೆ ಆಸ್ಪರ್ಜರ್, ಆಟಿಸಂನ ಒಂದು ಬಗೆ, ಎಂದು ಹೆಸರು ಹೇಳಿದರು. ಆಗ ನಮ್ಮ ಓಣಿಗೆ ಗೊತ್ತಿದ್ದದ್ದು, ಮಾಸ್ತರ ಮಗಳು ಜರಾ ಬ್ಯಾರೆ ಎಂಬುದಷ್ಟೇ.

ನಮ್ಮ ಕಡೆಯ ರೀತಿ ನಿಮಗೂ ಗೊತ್ತಲ್ಲ. ಉಣ್ಣುವವರು ಹಾದುಹೋಗುವವರನ್ನು 'ಬರ್ರಿ, ಊಟ ಮಾಡ್ರಿ' ಅನ್ನಬೇಕು, ಹೋಗುವವರು 'ನಂದ್ ಆಗ್ಯಾದ್ರಿ, ನೀವ್ ಮಾಡ್ರಿ' ಅಂದು ಮುಂದೆ ನಡೆಯಬೇಕು. ಕರೆದವರು ಬರಲೆಂದು ಕರೆದಿರುವುದಿಲ್ಲ, ಉಂಡೆವೆಂದವರು ಉಂಡಿರುವುದಿಲ್ಲ, ಇಬ್ಬರಿಗೂ ಸಂತೋಷ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದ ನೆರೆಮನೆಯ ಗಂಗಮ್ಮ ಹೀಗೆಯೇ ಸುಶೀಲಾಳನ್ನು ಕರೆದಳು. ಇವಳು ಕೈ ತೊಳೆದು ಬಂದು, ಆಕೆಯ ಪಾಲಿಗಿದ್ದ ಒಂದೇ ರೊಟ್ಟಿಯನ್ನು ಪೂರ್ತಿ ತಿಂದು ಎದ್ದಳು. ಓಣಿ ನಕ್ಕಿತು. ನನಗೆ ತಲೆ ತಗ್ಗಿಸುವಂತಾಯಿತು.

ಮಾಸ್ತರನಲ್ಲವೇ, ಮಗ್ಗಿಯಂತೆ ಬಾಯಿಪಾಠ ಮಾಡಿಸಲು ಕೂತೆ. "ಯಾರೇ ಊಟಕ್ಕ ಕರೆದ್ರೂ 'ನಂದ್ ಆಗ್ಯಾದ್ರಿ' ಅನ್ನಬೇಕು."

"ಆಗಿರದಿದ್ರ?"

"ಆಗಿರದಿದ್ರೂ."

"ಅದು ಸುಳ್ಳಲ್ಲೇನು, ಅಪ್ಪಾ?"

"ಸುಳ್ಳಲ್ಲವ್ವಾ, ಮರ್ಯಾದಿ."

ಹತ್ತು ದಿನದಲ್ಲಿ ಪಾಠ ತಪ್ಪಿಲ್ಲದೆ ಬಂತು. ಇನ್ನು ಈ ಕೂಸು ನಾಲ್ಕು ಜನರ ನಡುವೆ ಬದುಕಿಕೊಳ್ಳುತ್ತದೆ ಎಂದು ನನಗೆ ಜಂಬ.

ಮುಂದಿನ ತಿಂಗಳು ಹೆಂಡತಿ ತವರಿಗೆ ಹೋಗಿದ್ದಳು, ನನಗೆ ಪರೀಕ್ಷೆಯ ಕೆಲಸ ಬಂತು. ಸುಶೀಲಾಳನ್ನು ಹುಮನಾಬಾದಿನ ನಮ್ಮ ಅಕ್ಕನ ಮನೆಯಲ್ಲಿ ಬಿಟ್ಟು ಹೋದೆ. ಮರುದಿನ ಮಧ್ಯಾಹ್ನ ಬಸ್ಸಿಳಿದು ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ತಮ್ಮಾ, ನಿನ್ನೆಯಿಂದ ಕೂಸು ಒಂದು ತುತ್ತೂ ಮುಟ್ಟಿಲ್ಲೋ. ಊಟಕ್ಕ ಕರೆದಾಗೊಮ್ಮೆ 'ನಂದ್ ಆಗ್ಯಾದ್ರಿ, ನೀವ್ ಮಾಡ್ರಿ' ಅಂತಾಳ. ತಾಟು ಮುಂದಿಟ್ರ ದೂರ ಸರಿತಾಳ. ಯಾಕಂತ ನನಗ ತಿಳಿವಲ್ದು."

ಸುಶೀಲಾ ಹಿತ್ತಲ ಬಾಗಿಲ ಬಳಿ ಕೂತು ಚಿಲಕವನ್ನು ಸವರುತ್ತಿದ್ದಳು. ತುಟಿ ಒಣಗಿತ್ತು. ಚಿಲಕದ ಮೇಲಿನ ಕಣ್ಣು ತೆಗೆಯದೆಯೇ ಹೇಳಿದಳು: "ಅತ್ತಿ ಆರು ಸಲ ಕರೆದಳು. ಆರೂ ಸಲ ಮರ್ಯಾದಿ ಮಾಡೀನಿ, ಅಪ್ಪಾ. ಸಾಕೇನು? ಹಸಿವಾಗ್ಯಾದ."

ನನಗೆ ಅಳು ಬಂತು. ಮಗಳಲ್ಲಿ ಏನೋ ಕೊರತೆಯಿದೆ ಎಂದು ಅಷ್ಟು ವರ್ಷ ಅಂದುಕೊಂಡವನು, ಅವಳಲ್ಲಿದ್ದ ಒಂದು ನೆಟ್ಟಗಿನ ಮಾತನ್ನು ತೆಗೆದು ಆ ಜಾಗದಲ್ಲಿ ಉಪವಾಸವನ್ನು ಇಟ್ಟಿದ್ದೆ.

"ಸಾಕವ್ವಾ. ನಾ ಕಲಿಸಿದ್ದೇ ತಪ್ಪು," ಅಂದೆ. ಅಕ್ಕ ಪಲ್ಯವನ್ನು ಬೇರೆ ಬಟ್ಟಲಲ್ಲಿ ಕೊಟ್ಟಳು. ಸುಶೀಲಾ ಮೂರು ರೊಟ್ಟಿ ತಿಂದಳು.

"ನಿಂದ್ ಊಟ ಆತೇನೋ, ತಮ್ಮಾ?" ಎಂದಳು ಅಕ್ಕ. ನನ್ನ ನಾಲಿಗೆ 'ಬಸ್ ಸ್ಟ್ಯಾಂಡಿನ್ಯಾಗ ಆತು' ಎನ್ನಲು ಆಗಲೇ ಸಿದ್ಧವಾಗಿತ್ತು. ಎಂದೂ ಯಾರ ಮುಖವನ್ನೂ ನೋಡದ ಮಗಳು ಆಗ ನನ್ನನ್ನೇ ನೋಡುತ್ತಿದ್ದಳು.

"ಇಲ್ಲಕ್ಕಾ, ನಂದೂ ಆಗಿಲ್ಲ," ಎಂದು ಅವಳ ಪಕ್ಕ ಕೂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಮುಚ್ಚಳ ಎತ್ತಿ ನೋಡಿ, ಬಂದವರಿಗೆ ಸಾಲುವಷ್ಟಿದ್ದರೆ ಮಾತ್ರ ಕರೆಯುವುದು. ಕೆಲವರು ಬೇಸರ ಮಾಡಿಕೊಂಡರು. ಗಂಗಮ್ಮ ಮಾತ್ರ ಎರಡು ರೊಟ್ಟಿ ಹೆಚ್ಚಿಗೆ ತಟ್ಟತೊಡಗಿದಳು, ಆಕೆ ಕರೆದಾಗಲೆಲ್ಲ ಸುಶೀಲಾ ಹೋದಳು. ಇವತ್ತೂ ಬುಟ್ಟಿಯಲ್ಲಿ ನಾಲ್ಕು ರೊಟ್ಟಿಯಿವೆ. ಬಾಗಿಲಲ್ಲಿ ನೀವು ನಿಂತಿದ್ದೀರಿ. ಬನ್ನಿ, ಊಟ ಮಾಡಿ, ಬರಲೆಂದೇ ಕರೆಯುತ್ತಿದ್ದೇನೆ.