ಅಣ್ಣತಂಗಿಯ ಬಾಡಿಗೆಮನೆ

ಟೊಲೀಡೊ ಊರಿನ ವಾಂಡಾ ತನ್ನ ಅಣ್ಣ ಕ್ಯಾಸಿಮಿರ್‌ನ ಮುಖ ನೋಡಲಾರದೆ, ಬಾಡಿಗೆಗೆ ಕೊಟ್ಟ ತಮ್ಮ ಮನೆಗಾಗಿ ಇಬ್ಬರೂ ಸೇರಿ ಮಾಡಿದ್ದ ಕಂಪನಿಯನ್ನೇ ಮುಚ್ಚಿಸಿದಳು. ಮನೆ ಇಬ್ಬರ ಹೆಸರಿಗೂ ಬಂತು. ತೆರಿಗೆ ಲೆಕ್ಕ ಬರೆಯುವ ನನ್ನೆದುರು ಕೂತು, "ಕಂಪನೀನೇ ಇಲ್ಲ, ಇನ್ನೆಂಥ ತೆರಿಗೆ?" ಎಂದಳು.

ನನಗೆ ರೇಗಿತು. "ಬಾಡಿಗೆ ನಿಂತಿದ್ಯಾ? ಮುಚ್ಚೋವರೆಗಿನದು ಕಂಪನಿಯ ಕೊನೇ ಲೆಕ್ಕಕ್ಕೆ. ಆಮೇಲಿನದು ಅರ್ಧ ನಿನ್ನ ಲೆಕ್ಕಕ್ಕೆ, ಅರ್ಧ ಅವನ ಲೆಕ್ಕಕ್ಕೆ. ರಿಪೇರಿ ಖರ್ಚೂ ಹಾಗೇ. ಇಬ್ರದೂ ತಾಳೆಯಾಗ್ಬೇಕು. ಇನ್ಮೇಲೆ ವರ್ಷವರ್ಷಾನೂ ಲೆಕ್ಕಕ್ಕೆ ಅವನನ್ನ ಕೇಳು."

"ಅವನನ್ನ ಕೇಳೋದಾ? ಮುಂಚೆ ಹೀಗಿರ್ಲಿಲ್ಲ!"

"ಮುಂಚೆ ಕಂಪನಿ ಲೆಕ್ಕ ಮಾಡಿ, ಅವರವರ ಪಾಲಿನ ಕಾಗದ ಅವರವರ ಮನೆಗೆ ಕಳಿಸ್ತಿದ್ದೆ. ನೀವಿಬ್ರು ಮಾತಾಡದೆ ಬದುಕಿದ್ದೇ ಅದ್ರಿಂದ ಕಣೇ. ಅದನ್ನೇ ಕೊಂದ್ಯಲ್ಲ!"

ವಾಂಡಾ ಫೋನ್ ತೆಗೆದು ಹುಡುಕಿದಳು.

"ಅವನ ನಂಬರ್ ಅಳಿಸಿಬಿಟ್ಟಿದ್ದೀನಿ," ಎಂದಳು. "ನಿನ್ನತ್ರ ಇದ್ಯಾ?"